ಅಪ್ಪನ ಕಣ್ಣು ತೆರೆಸಿದ್ದು

ಚಿನ್ನಾ, ಪುಟ್ಟಾ, ಸಣ್ಣಮ್ಮೀ, ಶಾಲೆಯಲ್ಲಿ ಬರೆಸಿದ ನಿಮ್ಮ ಹೆಸರುಗಳು ನನ್ನ ಬಾಯಿಗೆ ಇನ್ನೂ ರೂಢಿಯಾಗಿಲ್ಲ. ಮನೆಯಲ್ಲಿ ಕರೆಯುವ ಹಾಗೆಯೇ ಕರೆದು ಬರೆಯುತ್ತಿದ್ದೇನೆ. ಹೋದ ದೀಪಾವಳಿಗೆ ಬಂದಾಗ ನೀವು ಕೇಳಿದಿರಿ, ತಾತ ಬರೀ ಡ್ರಾಯಿಂಗ್ ಮೇಷ್ಟ್ರಾ ಅಂತ. ನಾನು ಹೌದು ಅಂದು ಒಳಗೆ ಹೋದೆ. ಅದು ಪೂರ್ತಿ ಉತ್ತರವಾಗಿರಲಿಲ್ಲ. ಊರಿನ ಐನೋರ ಶಾಲೆಯಲ್ಲಿ ಕಲಿತ ಕನ್ನಡ ನನ್ನದು, ತಪ್ಪಿದ್ದರೆ ತಿದ್ದಿಕೊಂಡು ಓದಿ.

ನಿಮ್ಮ ತಾತ ಮದ್ರಾಸಿನ ಚಿತ್ರಕಲೆಯ ಕಾಲೇಜಿನಲ್ಲಿ ಓದಿ ಪಾಸಾಗಿ ಬಂದವರು. ಆಗ ನಮ್ಮ ಸೀಮೆ ಮದ್ರಾಸ್ ಸರ್ಕಾರಕ್ಕೇ ಸೇರಿತ್ತು; ಆದೋನಿಯಲ್ಲಿ ರೈಲು ಹತ್ತಿದರೆ ನೇರ ಮದ್ರಾಸು. ಹತ್ತಿ ವ್ಯಾಪಾರದ ಮನೆಯ ಮಗ ಅಂಗಡಿಯ ಗಾದಿ ಬಿಟ್ಟು ಬಣ್ಣ ಕಲಿಯಲು ಹೋದ ಅಂತ ಜನ ಆಡಿಕೊಂಡಿದ್ದರು. ಅಲ್ಲಿ ಅವರ ಜೊತೆ ಒಂದೇ ಕೋಣೆಯಲ್ಲಿದ್ದು ಕಲಿತವರು ಇನ್ನಿಬ್ಬರು. ಒಬ್ಬರು ಮದ್ರಾಸಿನಲ್ಲೇ ಉಳಿದು ಸಿನಿಮಾದವರಿಗೆ ಅರಮನೆ, ಕಾಡು, ಕೈಲಾಸ ಎಲ್ಲವನ್ನೂ ಪರದೆಯ ಮೇಲೆ ಬರೆದು ಹೆಸರು ಮಾಡಿದರು. ಇನ್ನೊಬ್ಬರು ಬೊಂಬಾಯಿಯ ಗಿರಣಿಯಲ್ಲಿ ಸೀರೆಯ ಅಂಚು, ಹೂವು, ಬಳ್ಳಿಗಳನ್ನು ಬರೆಯುವ ಕೆಲಸಕ್ಕೆ ಸೇರಿ ದೊಡ್ಡ ಹುದ್ದೆಗೆ ಏರಿದರು. ಅವರು ಬರೆದ ಹೂವನ್ನು ಎಷ್ಟೋ ಹೆಂಗಸರು ಉಟ್ಟಿದ್ದಾರೆ, ಬರೆದವರು ಯಾರೆಂದು ತಿಳಿಯದೆ. ನಾನೂ ಒಂದು ಉಟ್ಟಿದ್ದೆ. ನಿಮ್ಮ ತಾತ ಊರಿಗೆ ಮರಳಿ ಹೈಸ್ಕೂಲಿನಲ್ಲಿ ಮೇಷ್ಟ್ರಾದರು. ಅದರ ಜೊತೆಗೆ ಅವರು ಮಾಡುತ್ತಿದ್ದ ಇನ್ನೊಂದು ಕೆಲಸ ನಿಮಗೆ ಗೊತ್ತಿಲ್ಲ. ಅದು ಶುರುವಾದದ್ದು ನನ್ನ ಅಪ್ಪ ತೀರಿಕೊಂಡ ವರ್ಷ. ಎರಡನೆಯ ದೊಡ್ಡ ಯುದ್ಧ ಇನ್ನೂ ಶುರುವಾಗಿರಲಿಲ್ಲ.

ಅಪ್ಪ ಆಸ್ಪರಿಯ ಹತ್ತಿರದ ನಮ್ಮೂರಿನಲ್ಲಿ ಹತ್ತಿ, ಶೇಂಗಾ ಬೆಳೆಯುವ ರೈತರು. ನಾನು ಗಂಡನ ಮನೆಗೆ ಬಂದು ಹೆಚ್ಚು ದಿನ ಆಗಿರಲಿಲ್ಲ. ಕಣದಲ್ಲಿ ಎದೆ ಹಿಡಿದುಕೊಂಡು ಕುಳಿತವರು ಏಳಲಿಲ್ಲ. ನಮ್ಮವರಲ್ಲಿ ತೀರಿದವರನ್ನು ಮಲಗಿಸುವುದಿಲ್ಲ. ಮೈತೊಳೆದು, ವಿಭೂತಿ ಹಚ್ಚಿ, ರುಮಾಲು ಸುತ್ತಿ, ಗೋಡೆಗೆ ಒರಗಿಸಿ ಕೂರಿಸಿದರು. ಬದುಕಿದ್ದಾಗ ಅಪ್ಪ ಒಂದೂ ಫೋಟೋ ತೆಗೆಸಿಕೊಂಡವರಲ್ಲ. ಅಣ್ಣ ಆಳನ್ನು ಕಳಿಸಿ ಆದೋನಿಯಿಂದ ಫೋಟೋ ತೆಗೆಯುವವನನ್ನು ಕರೆಸಿದ. ಹಾಗೆ ತೆಗೆದ ಪಟ ಅದು. ರುಮಾಲು ಸರಿಯಾಗಿತ್ತು, ಮೀಸೆ ಸರಿಯಾಗಿತ್ತು, ಕಣ್ಣು ಮುಚ್ಚಿತ್ತು. ಆಗ ನಮ್ಮ ಕಡೆ ಬಹಳ ಮನೆಗಳಲ್ಲಿ ಹಿರಿಯರ ಫೋಟೋ ಎಂದರೆ ಅಂಥದ್ದೇ.

ಅವ್ವ ಅದನ್ನು ಗೋಡೆಗೆ ಹಾಕಲು ಒಪ್ಪಲಿಲ್ಲ. ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿ ಇಟ್ಟಿದ್ದಳು. ನಾನು ಊರಿಗೆ ಹೋದಾಗ ತೆಗೆದು ನನ್ನ ತೊಡೆಯ ಮೇಲಿಟ್ಟಳು.

"ಇದನ್ನ ನೋಡಿದಷ್ಟೂ ಈ ಮುಖನ ಉಳೀತೈತಿ ನನಗ. ಕಣ್ಣು ತೆಗೆದು ನೋಡ್ತಿದ್ರಲ್ಲ, ಆ ಮುಖ ಹೊಂಟೈತಿ. ಬೆಳಗಾದ್ರ ಕುಂತು ನೆನಸ್ತೀನಿ, ಬರವಲ್ದು. ನಿನ್ನ ಗಂಡ ಮದ್ರಾಸಿನ್ಯಾಗ ಕಲ್ತು ಬಂದಾರಂತಲ್ಲ, ಕಣ್ಣು ತೆರಸ್ತಾರೇನು ಕೇಳು. ವರ್ಷದ ಪೂಜಿಯೊಳಗ ಆಗಬೇಕವ್ವ. ಆಮ್ಯಾಲ ಆದ್ರ, ಖರೇ ಐತೋ ಸುಳ್ಳೈತೋ ಹೇಳಾಕ ನನಗ ಗುರ್ತು ಉಳ್ಯಂಗಿಲ್ಲ."

ಅವ್ವ ಅಳಿಯನ ಎದುರು ನಿಂತು ಮಾತಾಡುತ್ತಿರಲಿಲ್ಲ, ಆದ್ದರಿಂದ ನನಗೆ ಹೇಳಿದಳು. ನಾನು ಅತ್ತೆಯ ಎದುರು ಗಂಡನ ಜೊತೆ ಮಾತಾಡುತ್ತಿರಲಿಲ್ಲ, ಆದ್ದರಿಂದ ಅಣ್ಣನಿಗೆ ಹೇಳಿದೆ. ಅಣ್ಣ ಹತ್ತಿ ಮಾರಲು ಆದೋನಿಗೆ ಬಂದಾಗ ನಿಮ್ಮ ತಾತನಿಗೆ ಹೇಳಿದ.

ಅವರು ಬಹಳ ಆಸೆಯಿಂದಲೇ ಕೈಗೆತ್ತಿಕೊಂಡರು. ಫೋಟೋದ ಮೇಲೆ ಸೂಜಿಯಷ್ಟು ಸಣ್ಣ ಗೆರೆಗಳಿಂದ ಚೌಕ ಹಾಕಿ, ದೊಡ್ಡ ಕಾಗದದ ಮೇಲೆ ದೊಡ್ಡ ಚೌಕ ಹಾಕಿ, ಇದ್ದಿಲಿನ ಕಡ್ಡಿಯಿಂದ ಬರೆದರು. ರುಮಾಲಿನ ಒಂದೊಂದು ಸುತ್ತೂ ಬಂತು. ಕೊನೆಗೆ ಕಣ್ಣು ಬರೆದರು. ಅಣ್ಣನ ಗಾಡಿಯಲ್ಲಿ ಅವ್ವ ಬಂದು, ಪಡಸಾಲೆಯ ಬಾಗಿಲಲ್ಲೇ ನಿಂತು ನೋಡಿದಳು.

"ಯಾರಿವ್ರು?" ಅಂದಳು.

"ಅಪ್ಪ ಅಲ್ಲೇನವ್ವ," ಅಂದೆ ನಾನು.

"ರುಮಾಲು ಅವರ್ದ. ಮೂಗು ಅವರ್ದ. ನೋಡಾಕತ್ತೋರು ಬ್ಯಾರೆ ಯಾರೋ."

ನಿಮ್ಮ ತಾತ ಕಣ್ಣು ಅಳಿಸಿದರು. ಮತ್ತೆ ಬರೆದರು. ಈ ಸಲ ಅಣ್ಣ ಬಂದು ನೋಡಿ, ಅವ್ವನಿಗೆ ತೋರಿಸುವುದು ಬೇಡ ಅಂದ. ಅತ್ತೆ ಮಗನನ್ನು ಬಿಡಲಿಲ್ಲ. "ಅಷ್ಟು ವರ್ಷ ಮದ್ರಾಸಿನ ಸಾರು ಉಂಡು ಬಂದಾನ, ಒಂದು ಜೋಡಿ ಕಣ್ಣು ಬರಂಗಿಲ್ಲ ನೋಡು ಇವಗ," ಅಂತ ನೆರೆಯವರಿಗೆಲ್ಲ ಹೇಳಿದರು. ಚಿತ್ರ ಗೋಡೆಯ ಕಡೆ ಮುಖ ಮಾಡಿ ನಿಂತಿತು. ವರ್ಷದ ಪೂಜೆ ಹತ್ತಿರ ಬರುತ್ತಿತ್ತು. ಅವ್ವನ ಮುಖ ನೋಡಲು ನನಗೆ ಸಂಕಟವಾಗಿ ಆ ತಿಂಗಳು ಊರಿಗೇ ಹೋಗಲಿಲ್ಲ.

ಆಗ ಬಂದವರು ನಾನು ಮೊದಲು ಹೇಳಿದ ಇಬ್ಬರಲ್ಲಿ ಸೀರೆಯ ಹೂವಿನ ಗೆಳೆಯರು. ಬೊಂಬಾಯಿಯ ಗಿರಣಿಗೆ ಸೇರಲು ಮದ್ರಾಸಿನಿಂದ ಹೊರಟವರು, ದಾರಿಯಲ್ಲಿ ಆದೋನಿಯಲ್ಲಿ ಇಳಿದಿದ್ದರು. ಸಮುದ್ರದ ಕಡೆಯ ತೆಲುಗಿನವರು. ನನ್ನನ್ನು "ವದಿನಾ" ಅಂದರು; ಅತ್ತಿಗೆಗೆ ಅವರಲ್ಲಿ ಹಾಗೆನ್ನುತ್ತಾರೆ. ಅವರ ಮಾತು ತೆಲುಗಾದರೂ ನಮ್ಮ ಮನೆಯಲ್ಲಿ ಎಲ್ಲರಿಗೂ ತಿಳಿಯುತ್ತಿತ್ತು, ನಮ್ಮ ಮಾತು ಅವರಿಗೆ ಅಂದಾಜಿಗೆ ಸಿಗುತ್ತಿತ್ತು. ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

ರೊಟ್ಟಿ ತಿಂದು ಕೈತೊಳೆದವರು ಗೋಡೆಗೆ ತಿರುಗಿಸಿದ್ದ ಚಿತ್ರವನ್ನು ಈಚೆ ತಿರುಗಿಸಿದರು. ನೋಡಿದವರು ನಗಲು ಶುರುಮಾಡಿ ನೆಲದ ಮೇಲೇ ಕುಳಿತರು.

"ಒರೇ, ಇದು ನಿನ್ನ ಮಾವನ ಕಣ್ಣಲ್ಲವೋ! ನಮ್ಮ ಕಾಲೇಜಿನ ಸುಣ್ಣದ ಬೊಂಬೆಯ ಕಣ್ಣು!"

ಆಮೇಲೆ ಅತ್ತೆಗೆ ಬಿಡಿಸಿ ಹೇಳಿದರು. ಕಾಲೇಜಿನಲ್ಲಿ ಮುಖ ಬರೆಯುವುದನ್ನು ಕಲಿಸಲು ವಿಲಾಯತಿಯಿಂದ ತರಿಸಿದ ಬಿಳಿ ಬೊಂಬೆಗಳ ತಲೆಗಳನ್ನು ಇಡುತ್ತಿದ್ದರಂತೆ. ಅವಕ್ಕೆ ಕಣ್ಣಿನ ಉಬ್ಬು ಮಾತ್ರ, ಒಳಗೆ ಕರಿಗುಡ್ಡೆ ಇಲ್ಲ. ವರ್ಷಗಟ್ಟಲೆ ಅವನ್ನೇ ಬರೆದರಂತೆ.

"ಅಷ್ಟಾದ ಮೇಲೆ ಜೀವಂತ ಮನುಷ್ಯನನ್ನು ಕೂರಿಸಿದರಮ್ಮಾ. ಅವನೊಬ್ಬ ಮುದುಕ. ಕೂತ ಗಳಿಗೆಯಲ್ಲೇ ಅವನಿಗೆ ನಿದ್ದೆ. ಅವನು ನಿದ್ದೆ ಮಾಡಿದ, ನಾವು ಬರೆದೆವು. ಅದಕ್ಕೆ ಇವನಿಗೆ ಪದಕವನ್ನೂ ಕೊಟ್ಟರು."

"ಕುರುಡು ಬೊಂಬಿ, ಮಲಗಿದ ಮುದುಕ!" ಅಂದರು ಅತ್ತೆ. "ಇದನ್ನ ಕಲ್ಯಾಕ ಮದ್ರಾಸಿಗ್ಯಾಕ ಹೋಗಬೇಕಿತ್ತಪ? ನಮ್ಮ ಅಂಗಡ್ಯಾಗ ಗುಮಾಸ್ತ ಉಂಡ ಕೂಡ್ಲೆ ಮಲಗ್ತಾನ. ಅವನ್ನ ಬರೀಬೇಕಿತ್ತು."

ನಿಮ್ಮ ತಾತನೂ ನಕ್ಕರು. ಎಷ್ಟೋ ದಿನಗಳ ಮೇಲೆ ನಕ್ಕಿದ್ದು.

ಗೆಳೆಯರು ನಗು ನಿಲ್ಲಿಸಿ ಕೇಳಿದರು. "ಮಾವನ ಕಣ್ಣನ್ನು ಎಂದಾದರೂ ನೇರ ನೋಡಿದ್ದೆಯಾ ನೀನು?"

"ಮಾವನ ಮುಂದ ಅಳಿಯ ತಲಿ ಎತ್ತಿ ಕುಂದರ್ತಾನೇನೋ? ಅವರ ಕಾಲಿನ ಬೆರಳು ಬೇಕಂದ್ರ ಬರೀತೀನಿ," ಅಂದರು ಇವರು.

"ಹಾಗಾದರೆ ಮಕ್ಕಳಲ್ಲಿ ಯಾರಿಗೆ ಆ ಕಣ್ಣು ಬಂದಿದೆ?"

ಅತ್ತೆ ಗದ್ದ ಎತ್ತಿ ಅಡಿಗೆಮನೆಯ ಬಾಗಿಲನ್ನು ತೋರಿಸಿದರು. ಬಾಗಿಲ ಹಿಂದೆ ನಾನಿದ್ದೆ. ಅಪ್ಪನ ಕಣ್ಣು ನನಗೆ ಬಂದಿದೆ ಅಂತ ಚಿಕ್ಕವಳಿದ್ದಾಗಿನಿಂದ ಎಲ್ಲರೂ ಅನ್ನುತ್ತಿದ್ದರು. ಮುಂದೆ ಏನಾಗಲಿದೆ ಎಂದು ತಿಳಿದು ನಾನು ಹಿತ್ತಲಿಗೆ ಹೋಗಿ, ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆಯತೊಡಗಿದೆ.

ಅತ್ತೆ ಅಲ್ಲಿಗೂ ಬಂದರು. ಅದಕ್ಕೆ ಮೊದಲು ಪಡಸಾಲೆಯಲ್ಲಿ ಅವರು ಗೆಳೆಯರಿಗೆ ಹೇಳಿದ್ದು ನನಗೆ ಕೇಳಿಸಿತ್ತು: "ನೀನು ಮಗ ಇದ್ದಂಗ, ಖರೇ. ಆದ್ರೂ ಪರರು ಕುಂತು ನಮ್ಮ ಸೊಸಿ ಮುಖ ನೋಡೋದು ನಡ್ಯಂಗಿಲ್ಲಪ. ನಮಗೂ ಒಂದು ಓಣಿ ಅಂತ ಐತಿ." ಅದಕ್ಕೆ ಅವರು, "ನಾನು ನೋಡುವುದೇ ಇಲ್ಲಮ್ಮಾ. ವದಿನಾ ಕಡೆ ಬೆನ್ನು ಮಾಡಿ ಕೂರುತ್ತೇನೆ. ಇವನು ನೋಡಿ ಬರೆಯಲಿ, ನಾನು ಇವನ ಕಾಗದ ನೋಡಿ ಹೇಳುತ್ತೇನೆ," ಅಂದಿದ್ದರು.

"ಬಾರವ್ವ," ಅಂದರು ಅತ್ತೆ. "ನಿಮ್ಮವ್ವಗ ಆಗೋ ಕೆಲಸ ಇದು. ನಾನೂ ಅಲ್ಲೇ ಕುಂದರ್ತೀನಿ."

ಅವ್ವ ಬೆಳಗಾದರೆ ಕುಳಿತು ನೆನಸುತ್ತಾಳೆ ಅನ್ನುವುದೊಂದೇ ನನ್ನನ್ನು ಎಬ್ಬಿಸಿತು. ಇಲ್ಲದಿದ್ದರೆ ನಾನು ಹೋಗುತ್ತಿರಲಿಲ್ಲ.

ಮಾರನೆಯ ದಿನ ಬೆಳಿಗ್ಗೆ, ಬಾಗಿಲಿನ ಬೆಳಕು ಮುಖದ ಮೇಲೆ ಬೀಳುವ ಕಡೆ ಮಣೆ ಹಾಕಿ ನನ್ನನ್ನು ಕೂರಿಸಿದರು. ಎದುರಿಗೆ ನಿಮ್ಮ ತಾತ. ಕಾಗದ ಅಂಟಿಸಿದ ಹಲಗೆಯನ್ನು ನೆಲದ ಮೇಲೆ ಚಪ್ಪಟೆಯಾಗಿ ಇಟ್ಟಿದ್ದರು. ಗೆಳೆಯರು ಹಲಗೆಯ ಈಚೆ, ಸ್ವಲ್ಪ ಪಕ್ಕಕ್ಕೆ, ನನಗೆ ಬೆನ್ನು ಹಾಕಿ ಕುಳಿತರು. ಅವರಿಗೆ ಚಿತ್ರ ತಲೆಕೆಳಗಾಗಿ ಕಾಣುತ್ತಿತ್ತು, ಹಾಗೆ ನೋಡಿಯೇ ತಿದ್ದುತ್ತಿದ್ದರು.

ಮದುವೆಯಾದ ಮೇಲೆ ಅಷ್ಟು ಬೆಳಕಿನಲ್ಲಿ, ಅಷ್ಟು ಜನರ ಮುಂದೆ, ನಿಮ್ಮ ತಾತ ನನ್ನನ್ನು ನೋಡಿದ್ದು ಅದೇ ಮೊದಲು. ನನ್ನ ಕಣ್ಣು ತಾನಾಗಿ ನೆಲಕ್ಕೆ ಹೋಗುತ್ತಿತ್ತು.

"ಇದೇನು ಬರೆದೆ?" ಅಂದರು ಗೆಳೆಯರು. "ಮತ್ತೆ ಮುಚ್ಚಿದ ಕಣ್ಣೇ!"

"ಮುಚ್ಯಾಳಲ್ಲೋ, ನಾನೇನು ಮಾಡ್ಲಿ?"

ಪಕ್ಕದ ಮನೆಯ ದೊಡ್ಡಮ್ಮ ಜರಡಿ ಕೇಳಲು ಬಂದವರು ಜರಡಿ ಮರೆತು ಕಂಬಕ್ಕೆ ಒರಗಿ ಕುಳಿತರು. "ನನ್ನ ಗಂಡ ಒಂದಿನಾನಾರ ಇಷ್ಟು ಹೊತ್ತು ನನ್ನ ಮುಖ ನೋಡಿದ್ರ ಓಣಿಗೆಲ್ಲ ಬೆಲ್ಲ ಹಂಚ್ತಿದ್ದೆ," ಅಂದರು. ಅತ್ತೆ, "ತಲಿ ಎತ್ತವ್ವ, ಅಂಗಡಿಗೆ ಬುತ್ತಿ ಹೋಗಬೇಕು," ಅಂದರು. ನಿಮ್ಮ ತಾತ, "ಮ್ಯಾಲ ನೋಡು. ಅಷ್ಟಲ್ಲ. ಒಂದೀಟು ಕೆಳಗ. ನಗಬ್ಯಾಡ. ರೆಪ್ಪಿ ಹೊಡೀಬ್ಯಾಡ," ಅಂದರು. "ನಾ ಯಾವಾಗ ನಕ್ಕೆ?" ಅಂತ ನನಗೆ ಅನ್ನಿಸಿತು, ಆಡಲಿಲ್ಲ. ದೊಡ್ಡಮ್ಮ ಮತ್ತೆ ಏನೋ ಅಂದರು. ಎಲ್ಲರೂ ನಕ್ಕರು. ನನಗೆ ಕಿವಿಯವರೆಗೆ ಬಿಸಿಯಾಯಿತು. ಅವ್ವನಿಗಾಗಿ ಕುಳಿತವಳನ್ನು ಇವರು ಆಟದ ಬೊಂಬೆ ಮಾಡಿದ್ದಾರೆ ಅನ್ನಿಸಿ ಸಿಟ್ಟು ಬಂತು. ತಲೆ ಎತ್ತಿ ನಿಮ್ಮ ತಾತನನ್ನು ನೇರ ನೋಡಿದೆ, ಮತ್ತೆ ತಗ್ಗಿಸಲಿಲ್ಲ.

ಅವರ ಕೈ ನಿಂತಿತು.

"ಯಾಕೆ ನಿಲ್ಲಿಸಿದೆ?" ಅಂದರು ಗೆಳೆಯರು.

"ಸುಮ್ನಿರು. ಸಿಕ್ಕೈತಿ."

ಆಮೇಲೆ ಇದ್ದಿಲು ಕಾಗದದ ಮೇಲೆ ಸರಿಯುವ ಸದ್ದು ಮಾತ್ರ. ನಡುವೆ ಗೆಳೆಯರು, "ಮೇಲಿನ ರೆಪ್ಪೆ ಗುಡ್ಡೆಯನ್ನು ಎಷ್ಟು ಮುಚ್ಚಿದೆ ನೋಡು," "ಬಿಳಿ ಅಂದರೆ ಸುಣ್ಣವಲ್ಲ, ನೆರಳಿರುತ್ತದೆ ಅಲ್ಲಿ," ಅಂತ ಮೆಲ್ಲಗೆ ಹೇಳುತ್ತಿದ್ದರು. ಅಂದು ಬುತ್ತಿ ತಡವಾಗಿಯೇ ಹೋಯಿತು.

ಗೆಳೆಯರು ಅವತ್ತಿನ ರೈಲಿಗೇ ಹೊರಟರು. ಅತ್ತೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟರು. ಹೋಗುವಾಗ ಅವರು ಬೀದಿಯ ಬಾಗಿಲ ಕಡೆ ನೋಡುತ್ತಲೇ, "ವದಿನಾ, ನಿಮ್ಮ ಕಣ್ಣನ್ನು ನಾನು ತಲೆಕೆಳಗಾಗಿ ಮಾತ್ರ ಬಲ್ಲೆ," ಅಂದರು. ಅತ್ತೆಯೂ ನಕ್ಕುಬಿಟ್ಟರು.

ನಿಮ್ಮ ತಾತ ಆ ಕಣ್ಣುಗಳನ್ನು ಅಪ್ಪನ ಚಿತ್ರಕ್ಕೆ ಇಳಿಸಿದರು. ಹುಬ್ಬು ಅಪ್ಪನದೇ, ಸುತ್ತಲಿನ ಸುಕ್ಕು ಅಪ್ಪನದೇ. ಮುಗಿದ ಮೇಲೆ ನಾನು ನೋಡಿದೆ. ಚಿತ್ರದಲ್ಲಿ ಅಪ್ಪ ಸಿಟ್ಟಾಗಿದ್ದರು. ಪೂಜೆಗೆ ಇಡುವ ಪಟ ಅದು. ಅತ್ತೆ ಹೊರಗೆ ಹೋದ ಹೊತ್ತು ನೋಡಿ ಹೇಳಿದೆ:

"ಸಿಟ್ಟಿಗೆದ್ದಂಗ ಕಾಣ್ತಾರಲ್ರಿ."

"ನೀನು ಸಿಟ್ಟಾಗಿದ್ದಿ. ಇದ್ದದ್ದನ್ನ ಬರ್ದೆ."

"ಒಂದೀಟು ಶಾಂತ ಮಾಡಾಕ ಬರಂಗಿಲ್ಲೇನ್ರಿ?"

"ತಿದ್ದಿದ್ರ ಮತ್ತ ಸುಣ್ಣದ ಬೊಂಬಿ ಆಗ್ತೈತಿ," ಅಂದರು. ಇದ್ದಿಲಿನ ಕಡ್ಡಿ ಎತ್ತಿಡುತ್ತಾ, "ನಿಮ್ಮವ್ವ ನೋಡಿ ಹೇಳ್ಲಿ. ಅಲ್ಲ ಅಂದ್ರ ಇನ್ನ ನನ್ನ ಕೈಲಿ ಆಗಂಗಿಲ್ಲ," ಅಂದರು.

ಪೂಜೆಗೆ ಎರಡು ದಿನ ಇರುವಾಗ ನಾವಿಬ್ಬರೂ ಚಿತ್ರವನ್ನು ಕಂಬಳಿಯಲ್ಲಿ ಸುತ್ತಿಕೊಂಡು ಆಸ್ಪರಿಯಲ್ಲಿ ರೈಲು ಇಳಿದೆವು. ಅಣ್ಣ ಗಾಡಿ ತಂದಿದ್ದ. ಮನೆಯಲ್ಲಿ ಮಣೆಯ ಮೇಲೆ ಚಿತ್ರ ಇಟ್ಟು, ಗೋಡೆಗೆ ಒರಗಿಸಿ, ಕಂಬಳಿ ತೆಗೆದರು. ಅವ್ವ ಅಡಿಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದಳು. ನೋಡಿದಳು. ನಿಮ್ಮ ತಾತ ನೆಲ ನೋಡುತ್ತಾ ನಿಂತಿದ್ದರು.

ಅವ್ವನ ಕೈ ಸೆರಗಿನಲ್ಲೇ ಉಳಿಯಿತು.

"ತರ್ತೀನಿ ತಡೀರಿ," ಅಂದಳು ಚಿತ್ರಕ್ಕೆ. "ಬಂದು ಕುಂತೀರಿ ಈಗ, ಒಂದೀಟು ತಡೀರಿ."

ಆಮೇಲೆ ತಾನು ಆಡಿದ ಮಾತು ತನಗೇ ಕೇಳಿಸಿದವಳಂತೆ ನಮ್ಮ ಕಡೆ ತಿರುಗಿದಳು. "ಹೊಲದಿಂದ ಬಂದು ಕುಂತಾಗ ನೀರು ತಡ ಆದ್ರ ಹಿಂಗ ನೋಡ್ತಿದ್ರು," ಅಂದಳು. "ಬೈತಿದ್ದಿಲ್ಲ. ಬರೇ ಹಿಂಗ ನೋಡ್ತಿದ್ರು. ನಾನು ಇದನ್ನ ಹುಡುಕಾಕತ್ತಿದ್ದೆ." ಅಳಿಯನಿಗೆ ನೇರವಾಗಿ ಅವಳು ಆಡಿದ ಮೊದಲ ಮಾತು ಅದು.

ಅದು ಸುದ್ದಿಯಾಗಿ, ಆಲೂರಿನ ಕಡೆಯಿಂದ, ಮಾಧವರಂ ದಾಟಿ ಹೊಳೆಯ ಆಚೆಯಿಂದ ಕೂಡ ಕಣ್ಣು ಮುಚ್ಚಿದ ಫೋಟೋ ಹಿಡಿದು ಜನ ಬರತೊಡಗಿದರು. ನಿಮ್ಮ ತಾತ ಫೋಟೋ ನೋಡುವ ಮೊದಲು, ಇವರ ಕಣ್ಣು ಮನೆಯಲ್ಲಿ ಯಾರಿಗೆ ಬಂದಿದೆ ಅಂತ ಕೇಳುತ್ತಿದ್ದರು. ಗೆಳೆಯರಿಬ್ಬರ ಹೆಸರು ಪತ್ರಿಕೆಗಳಲ್ಲಿ ಬರುತ್ತಿತ್ತು, ಇವರದು ಬರಲಿಲ್ಲ. ಅದಕ್ಕೆ ಅವರು ಬೇಸರಪಟ್ಟದ್ದನ್ನು ನಾನು ನೋಡಿಲ್ಲ.

ಅಪ್ಪನ ಆ ಚಿತ್ರ ಅವ್ವ ಇರುವವರೆಗೂ ಅವಳ ಗೋಡೆಯ ಮೇಲಿತ್ತು. ಆಮೇಲೆ ಗೆದ್ದಲು ಹಿಡಿದು ರುಮಾಲಿನಿಂದ ಕೆಳಗೆ ಪುಡಿಯಾಯಿತು. ಅಪ್ಪ ಹೇಗೆ ನೋಡುತ್ತಿದ್ದರು ಅನ್ನುವುದು ಈಗ ಈ ಹಾಳೆಗಳಲ್ಲಿ ಮಾತ್ರ ಇದೆ. ಇವನ್ನು ನಿಮ್ಮ ಹಳೆಯ ಶಾಲೆಯ ಪುಸ್ತಕಗಳ ಜೊತೆ ರದ್ದಿಯವನಿಗೆ ಕೊಡಬೇಡಿ. ಒಣ ಬೇವಿನ ಎಲೆ ಹಾಕಿ, ನೆಲದಿಂದ ಎತ್ತರದಲ್ಲಿ ಇಡಿ. ಮೂವರಲ್ಲಿ ಯಾರ ಮನೆಯಲ್ಲಿ ಗೆದ್ದಲು ಕಡಿಮೆಯೋ ಅವರ ಹತ್ತಿರ ಇರಲಿ.