ಭಾನುವಾರದ ರಿಹರ್ಸಲ್

ನಮ್ಮ ಮಹಡಿ ಮನೆಗೆ ಬಾಡಿಗೆಗೆ ಬಂದ ಹುಡುಗಿ ಅಸ್ಸಾಮಿನವಳು, ನರ್ಸು. ಮೂರು ದಿನ ರೈಲಿನಲ್ಲಿ ಒಬ್ಬಳೇ ಕೂತು ಇಷ್ಟು ದೊಡ್ಡ ದೇಶ ದಾಟಿದವಳು, ಅಮೃತಹಳ್ಳಿಯಿಂದ ಯಶವಂತಪುರಕ್ಕೆ ಹೋಗುವುದು ಹೇಗೆಂದು ಹೆದರಿ ನನ್ನ ಮುಂದೆ ನಿಂತಳು. ನಮ್ಮ ಬೀದಿಯ ಕ್ಲಿನಿಕ್ಕಿಗೆ ನಡೆದೇ ಹೋಗುತ್ತಿದ್ದವಳಿಗೆ ಬಸ್ಸಿನ ಅಭ್ಯಾಸವೇ ಇರಲಿಲ್ಲ. ಸೋಮವಾರ ಯಶವಂತಪುರದ ಒಂದು ಆಸ್ಪತ್ರೆಯಲ್ಲಿ ಖಾಯಂ ಕೆಲಸಕ್ಕೆ ಪರೀಕ್ಷೆ. ಒಂಬತ್ತಕ್ಕೆ ಗೇಟು ಹಾಕುತ್ತಾರೆ, ಆಮೇಲೆ ಬಂದವರನ್ನು ಒಳಗೆ ಬಿಡುವುದಿಲ್ಲ.

"ರೈಲಲ್ಲಿ ಸುಮ್ನೆ ಕೂತ್ರೆ ಆಯ್ತು ಅಂಕಲ್. ಇಲ್ಲಿ ಎಲ್ಲಿ ಇಳೀಬೇಕು, ಯಾವ ಕಡೆ ನಿಲ್ಬೇಕು, ಒಂದೂ ಗೊತ್ತಾಗಲ್ಲ," ಎಂದಳು. ಅಷ್ಟು ಕನ್ನಡವನ್ನು ನನ್ನ ಹೆಂಡತಿಯ ಅಡುಗೆಮನೆಯಲ್ಲಿ ಕಲಿತಿದ್ದಳು.

ಗೇಟಿನ ಮಾತು ಕೇಳಿ ನನಗೆ ಹುರುಪು ಬಂತು. ಪೀಣ್ಯದ ಕಾರ್ಖಾನೆಯಲ್ಲಿ ನಿವೃತ್ತಿಯಾಗುವವರೆಗೂ ಮೊದಲ ಪಾಳಿ ಮಾಡಿದವನು ನಾನು. ಒಂದು ದಿನವೂ ಮುಚ್ಚಿದ ಗೇಟಿನ ಹೊರಗೆ ನಿಂತವನಲ್ಲ. ನಾಳೆ ಭಾನುವಾರ, ರಿಹರ್ಸಲ್ ಮಾಡೋಣ ಎಂದೆ.

ಮರುದಿನ ಎಂಟಕ್ಕೆ ಸರಿಯಾಗಿ ಹೊರಟೆವು. ಕೈಯಲ್ಲಿ ಗಡಿಯಾರ, ಜೇಬಿನಲ್ಲಿ ನೋಟ್‌ಬುಕ್ಕು. ಬಸ್ಸು ಅರ್ಧ ಖಾಲಿ. ನಾನು ಪ್ರತಿ ಸ್ಟಾಪಿನಲ್ಲೂ ಬರೆದುಕೊಳ್ಳುವುದನ್ನು ಕಂಡು ಕಂಡಕ್ಟರ್ ಪಕ್ಕಕ್ಕೆ ಬಂದ.

"ಏನ್ ಸಾರ್, ಡಿಪೋದಿಂದ ಚೆಕಿಂಗಾ?"

"ಇಲ್ಲಪ್ಪ, ಮನೆಯಿಂದ."

ಹೆಬ್ಬಾಳದಲ್ಲಿ ಇಳಿದು, ಎರಡನೇ ಬಸ್ಸಿಗೆ ಯಾವ ಕಂಬದ ಪಕ್ಕ ಕಾಯಬೇಕೆಂದು ಅವಳನ್ನು ಅಲ್ಲೇ ನಿಲ್ಲಿಸಿ ತೋರಿಸಿದೆ. ಅವಳು ನಗು ತಡೆದುಕೊಂಡು ಸೆಲ್ಯೂಟ್ ಹೊಡೆದಳು. ಆಸ್ಪತ್ರೆಯ ಗೇಟು ಮುಟ್ಟಿದಾಗ ನಲವತ್ತೊಂದು ನಿಮಿಷವಾಗಿತ್ತು. ನಾಳೆ ಎಂಟೂ ಹತ್ತಕ್ಕೆ ಹೊರಟರೆ ನೀರು ಕುಡಿಯಲು ಒಂಬತ್ತು ನಿಮಿಷ ಉಳಿಯುತ್ತದೆ ಎಂದು ಲೆಕ್ಕ ಹಾಕಿ, ಎಲ್ಲವನ್ನೂ ದುಂಡಗೆ ಬರೆದುಕೊಟ್ಟೆ.

ಸೋಮವಾರ ಎಂಟೂ ಐದಕ್ಕೇ ಅವಳನ್ನು ಕಳಿಸಿಕೊಡಲು ಕಾಂಪೌಂಡ್ ಬಾಗಿಲಲ್ಲಿ ನಿಂತೆ. ಎಂಟೂ ಹತ್ತಾಯಿತು. ಎಂಟೂ ಹನ್ನೆರಡಾಯಿತು. ಮಲಗಿಬಿಟ್ಟಳೇನೋ ಎಂದು ಮಹಡಿ ಹತ್ತಿದರೆ ಬಾಗಿಲಿಗೆ ಬೀಗ.

ಕೆಳಗಿನಿಂದ ಹೆಂಡತಿ ಹೇಳಿದಳು: "ಅವ್ಳು ಆರೂ ಮುಕ್ಕಾಲಿಗೇ ಹೋದ್ಲು."

"ಯಾರ್ ಹೇಳಿದ್ದು ಅಷ್ಟೊತ್ತಿಗೆ ಹೋಗು ಅಂತ?"

"ನಾನೇ. ಸೋಮವಾರ ಹೆಬ್ಬಾಳ ದಾಟೋದು ಅಂದ್ರೆ ನಿಮಗೇನ್ ಗೊತ್ತು? ಕತ್ತಲಲ್ಲಿ ಕಂಪನಿ ಬಸ್ ಹತ್ತಿ ನಿದ್ದೆ ಹೊಡ್ಕೊಂಡ್ ಹೋದೋರು. ಹೆಬ್ಬಾಳದಾಚೆ ನಮ್ಮಕ್ಕನ ಮನೆಗೆ ಓಡಾಡೋಳು ನಾನು. ನೀವ್ ಬೇಜಾರ್ ಮಾಡ್ಕೋತೀರ ಅಂತ, ವಾಕಿಂಗ್ ಹೋದ್ಮೇಲೆ ಕಳಿಸ್ದೆ."

ನಾನು ಆರೂವರೆಗೆ ಹೊರಟರೆ ಏಳೂವರೆಯವರೆಗೆ ಬರುವುದಿಲ್ಲ ಎಂಬುದು ಬೀದಿಗೆಲ್ಲ ಗೊತ್ತು. ನನ್ನ ಶಿಸ್ತನ್ನೇ ನನ್ನ ವಿರುದ್ಧ ಬಳಸಿದ್ದರು. ಲೆಕ್ಕ ಸರಿಯಿದೆಯೆಂದು ತೋರಿಸಲು ಚಪ್ಪಲಿ ಮೆಟ್ಟಿ ಹೋಗಿ ಬಸ್ಸು ಹತ್ತಿದೆ.

ಬಸ್ಸು ಮೇನ್ ರೋಡಿಗೆ ತಿರುಗಿ ನಾಲ್ಕು ಮಾರು ಹೋಗಿ ಟ್ರಾಫಿಕ್ಕಿನಲ್ಲಿ ನಿಂತಿತು. ಡ್ರೈವರ್ ಎಂಜಿನ್ ಆಫ್ ಮಾಡಿ ಪೇಪರ್ ಬಿಡಿಸಿದ. ನಿಂತವರ ನಡುವೆ ನುಸುಳಿಕೊಂಡು ಬಂದವನು ನಿನ್ನೆಯ ಕಂಡಕ್ಟರೇ.

"ಇವತ್ತೂ ಚೆಕಿಂಗಾ ಸಾರ್?"

"ಹೆಬ್ಬಾಳ ಎಷ್ಟೊತ್ತಿಗಪ್ಪ?"

"ಹೋದಾಗ ಹೇಳ್ತೀನಿ. ನೀವೂ ಬರ್ಕೊಳಿ, ನಾನೂ ನೋಡ್ತೀನಿ."

ಒಂಬತ್ತಕ್ಕೆ ಹತ್ತು ನಿಮಿಷವಿದ್ದಾಗ ಫೋನು ಬಂತು. ಆಗಲೂ ನಾವು ಹೆಬ್ಬಾಳದ ಈಚೆಗೇ ಇದ್ದೆವು.

"ಅಂಕಲ್, ಗೇಟ್ ಒಳಗಿದ್ದೀನಿ. ಈಗ ಫೋನ್ ಕೊಟ್‌ಬಿಡ್ಬೇಕು. ನಿಮ್ಮ ಕಂಬ ಕರೆಕ್ಟಾಗಿ ಸಿಕ್ತು."

ಎದೆ ಹಗುರಾಯಿತು. "ಚೆನ್ನಾಗಿ ಬರಿಯಮ್ಮ," ಎಂದೆ.

"ಅದೇನು ಅಷ್ಟು ಹಾರ್ನು? ಎಲ್ಲಿದ್ದೀರಿ?"

"ವಾಕಿಂಗ್‌ನಲ್ಲಿ."

"ಎಂಟೂ ಐವತ್ತಕ್ಕಾ?" ಎಂದು ನಕ್ಕು ಫೋನಿಟ್ಟಳು.

ನೋಟ್‌ಬುಕ್ಕು ತೆಗೆದು ನಲವತ್ತೊಂದರ ಪಕ್ಕ 'ಭಾನುವಾರ ಮಾತ್ರ' ಎಂದು ಬರೆದೆ. ಅದರ ಕೆಳಗೆ 'ಸೋಮವಾರ' ಎಂದು ಬರೆದು, ಮುಂದೆ ಜಾಗ ಬಿಟ್ಟೆ. ಬಸ್ಸು ಇನ್ನೂ ಅಲ್ಲೇ ನಿಂತಿತ್ತು.