ಸೂಟ್‌ಕೇಸಿನಲ್ಲಿ ಬಂದ ಕಾರು

ಅಪ್ಪನ ಕಾಂಟೆಸ್ಸಾ ಕಾರು ಎರಡು ವರ್ಷ ಮನೆಯ ಬದಿಯ ಶೆಡ್ಡಿನಲ್ಲಿ ಟರ್ಪಾಲು ಹೊದ್ದು ನಿಂತಿತ್ತು. ತೊಂಬತ್ತರ ದಶಕದ ಕೊನೆಯ ಮಾತು ಇದು. ಉದ್ದ ಮೂತಿಯ ಆ ಕಾರನ್ನು ಅವರು ಹಳತಾಗಿಯೇ ಕೊಂಡು, ಮಡಂತ್ಯಾರಿನ ಸ್ಟ್ಯಾಂಡಿನಲ್ಲಿ ಬಾಡಿಗೆಗೆ ಓಡಿಸುತ್ತಿದ್ದರು. ಸುತ್ತಿನ ಮದುವೆಗಳಿಗೆ ಅದೇ ಬೇಕಿತ್ತು. ಬಾವಿಯ ಬಳಿ ಜಾರಿ ಬಿದ್ದು ಬಲ ಹೆಗಲಿಗೆ ಪೆಟ್ಟಾದ ಮೇಲೆ ಅಪ್ಪನಿಂದ ಸ್ಟಿಯರಿಂಗ್ ತಿರುಗಿಸಲು ಆಗಲಿಲ್ಲ. ಆದರೂ ದಿನಾ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ಹಾಕಿ ಸ್ಟ್ಯಾಂಡಿಗೆ ಹೋಗಿ ಕೂತು ಬರುತ್ತಿದ್ದರು.

"ಬೇರೆ ಡ್ರೈವರ್ ಇಡುವ" ಎಂದು ಒಮ್ಮೆ ಹೇಳಿ ನೋಡಿದೆ.

"ಅವನು ಓಡಿಸುವಾಗ ನಾನೇನು ಹಿಂದೆ ಕೂತು ಹಾರ್ನ್ ಹೊಡೆಯುದಾ?" ಎಂದರು. ಮಾತು ನಡೆದದ್ದು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ನನ್ನ ಅಣ್ಣನಿಗೆ ಗಲ್ಫಿನಲ್ಲಿ ಹಳೆ ವಾಹನ ಬಿಚ್ಚಿ ಬಿಡಿಭಾಗ ಮಾರುವ ಯಾರ್ಡಿನಲ್ಲಿ ಕೆಲಸ. ಸುದ್ದಿ ತಿಳಿದು ಫೋನ್ ಮಾಡಿದ. ಈಗಿನ ಕಾರುಗಳಿಗೆ ಪವರ್ ಸ್ಟಿಯರಿಂಗ್ ಉಂಟು, ಒಂದು ಬೆರಳಿನಲ್ಲಿ ತಿರುಗುತ್ತದೆ, ಕಳಿಸುತ್ತೇನೆ ಎಂದ. ಸ್ಟಿಯರಿಂಗ್ ಮಾತ್ರ ಯಾಕೆ, ಇಡೀ ಕಾರನ್ನೇ ಹೊಸತು ಮಾಡುವ ಎಂದೂ ಹೇಳಿದ. ಮುಂದಿನ ರಜೆಗೆ ಬಂದು ಹಿಂದೆ ಹೋಗುವಾಗ ಅಪ್ಪನೇ ತನ್ನನ್ನು ಬಜ್ಪೆಯ ವಿಮಾನ ನಿಲ್ದಾಣಕ್ಕೆ ಬಿಡಬೇಕು ಎಂಬುದು ಅವನ ಹಟ.

ಜಪಾನಿನ ಎಂಜಿನ್ ಮತ್ತು ಅಗಲ ಟಯರಿನ ನಾಲ್ಕು ಚಕ್ರ ಹಡಗಿನಲ್ಲಿ ಬಂದವು. ಉಳಿದದ್ದೆಲ್ಲ ಬಂದದ್ದು ರಜೆಗೆ ಬರುವವರ ಸೂಟ್‌ಕೇಸಿನಲ್ಲಿ. ನಮ್ಮಲ್ಲಿ ಗಲ್ಫಿನಿಂದ ಬರುವವರು ಊರಿನ ನಾಲ್ಕು ಮನೆಯ ಸಾಮಾನು ತರುವುದು ರೂಢಿ. ಆ ಮನೆಗಳಿಗೆ ಹೋಗಿ ತರುವ ಕೆಲಸ ನನ್ನದು. ಆಗ ನಾನು ಬಂಟ್ವಾಳದಿಂದ ಒಂದು ಪತ್ರಿಕೆಗೆ ಸ್ಥಳೀಯ ಸುದ್ದಿ ಬರೆಯುತ್ತಿದ್ದೆ. ಯಾವ ಭಾಗ, ಯಾರ ಕೈಯಲ್ಲಿ, ಯಾವ ದಿನ ಎಂದು ಸುದ್ದಿ ಬರೆದಿಡುವ ಡೈರಿಯಲ್ಲೇ ಗುರುತು ಹಾಕಿಕೊಂಡೆ. ಡಿಸ್ಕ್ ಬ್ರೇಕ್ ವಾಮದಪದವಿನ ಒಂದು ಮನೆಯಲ್ಲಿ ಖರ್ಜೂರದ ಪೊಟ್ಟಣಗಳ ಅಡಿಯಿಂದ ಎದ್ದಿತು. ಚಕ್ರದ ಬೇರಿಂಗುಗಳು ಕಂಬಳಿಯೊಳಗೆ ಸುತ್ತಿಕೊಂಡಿದ್ದವು. ಚರ್ಮ ಹೊಲಿದ, ತಟ್ಟೆಯಷ್ಟು ಚಿಕ್ಕ ರೇಸಿಂಗ್ ಸ್ಟಿಯರಿಂಗನ್ನು ಮೂಡುಬಿದಿರೆಯ ಒಬ್ಬ ಹೆಂಗಸು ಮಡಿಲಲ್ಲಿಟ್ಟೇ ತಂದಿದ್ದರು.

"ವಿಮಾನದವಳು ಕೇಳಿದಳು ಮಾರಾಯ್ರೆ, ನೀವೇ ಓಡಿಸ್ತೀರಾ ಅಂತ" ಎಂದು ಅವರು ನಕ್ಕರು. "ಪೈಲಟಿಗೆ ಸುಸ್ತಾದರೆ ಹೇಳಿ ಅಂದೆ."

ಎಲ್ಲಕ್ಕಿಂತ ಭಾರದ್ದು ಪವರ್ ಸ್ಟಿಯರಿಂಗಿನ ಪೆಟ್ಟಿಗೆ. ಅದು ಕೊನೆಗೆ ಬಂತು. ಅಣ್ಣ ರಜೆಗೆ ಬಂದ ವಾರದಲ್ಲೇ ಕಾರನ್ನೂ ಅದನ್ನೂ ಪುಂಜಾಲಕಟ್ಟೆಯ ಗ್ಯಾರೇಜಿಗೆ ಒಯ್ದೆವು. ಮೇಸ್ತ್ರಿ ಆ ಪೆಟ್ಟಿಗೆಯನ್ನು ಎಂಜಿನ್ ಪಕ್ಕದಲ್ಲಿ ಹಿಡಿದು ನೋಡಿದರು, ತಿರುಗಿಸಿ ಹಿಡಿದರು, ಮತ್ತೆ ಕೆಳಗಿಟ್ಟರು.

"ನೀವು ಗಲ್ಫಿನಲ್ಲಿ ಎಡಗಡೆ ಕೂತು ಓಡಿಸುದಲ್ಲವಾ?" ಎಂದು ಅಣ್ಣನನ್ನು ಕೇಳಿದರು.

"ಹೌದು."

"ಇದೂ ಎಡಗಡೆಯದ್ದೇ. ನಮ್ಮ ಬದಿಗೆ ಕೂರುದಿಲ್ಲ."

ಅಲ್ಲಿ ಡ್ರೈವರ್ ಎಡಕ್ಕೆ ಕೂರುತ್ತಾನೆಂದು ನಮ್ಮ ಊರಿನ ಮಕ್ಕಳಿಗೂ ಗೊತ್ತು. ಕಳಿಸಿದವನಿಗೆ, ತಂದವರಿಗೆ, ಡೈರಿಯಲ್ಲಿ ಬರೆದ ನನಗೆ, ಒಬ್ಬರಿಗೂ ಹೊಳೆದಿರಲಿಲ್ಲ.

ಉಳಿದದ್ದನ್ನೆಲ್ಲ ಮೇಸ್ತ್ರಿ ಕೂರಿಸಿದರು. ಒಂದು ತಿಂಗಳು ಹಿಡಿಯಿತು. ಎಂಜಿನ್ ಕಾಲಿಟ್ಟರೆ ಸಾಕು ಎನ್ನುವ ಹಾಗೆ ಎಳೆಯುತ್ತಿತ್ತು. ಹೊಸ ಬ್ರೇಕನ್ನು ಮೊದಲ ಸಲ ಒತ್ತಿದಾಗ ಮೇಸ್ತ್ರಿಯ ಹಣೆ ಗಾಜಿಗೆ ತಾಗಿತು. ಅಗಲ ಟಯರು, ಚಿಕ್ಕ ಸ್ಟಿಯರಿಂಗ್, ಹೊಸ ಕೆಂಪು ಬಣ್ಣ. ಬಸ್ಸಿಗೆ ಕಾಯುತ್ತಿದ್ದವರು ರಸ್ತೆ ದಾಟಿ ಬಂದು ನೋಡಿದರು. ಅಪ್ಪನೂ ಬಂದರು. ಒಂದು ಸುತ್ತು ನೋಡಿ, ಕೂತು, ಗ್ಯಾರೇಜಿನ ಅಂಗಳದಲ್ಲಿ ಕಾರು ತಿರುಗಿಸಲು ಹೊರಟರು. ಅರ್ಧ ತಿರುವಿಗೇ ಹೆಗಲು ಸೋತಿತು. ಬಾಗಿಲು ತೆಗೆದು ಇಳಿದರು.

"ಒಳ್ಳೆದುಂಟು. ನೀನೇ ಓಡಿಸು" ಎಂದು ಅಣ್ಣನಿಗೆ ಹೇಳಿ, ಬಂದ ಬಸ್ಸು ಹತ್ತಿದರು.

ರಜೆಯಲ್ಲಿ ಆರು ದಿನ ಉಳಿದಿತ್ತು. ಅಣ್ಣ ಆಗಲೇ ಸೂಟ್‌ಕೇಸು ತೆಗೆದು ಬಟ್ಟೆ ತುಂಬತೊಡಗಿದ. ನನಗೆ ಮಾತ್ರ ಒಂದು ಸಂಶಯ. ಮರುದಿನ ಸ್ಟ್ಯಾಂಡಿಗೆ ಹೋಗಿ ಅಪ್ಪನನ್ನು ಕೇಳಿದೆ: "ಬಿದ್ದ ಮೇಲೆ ಕಾರನ್ನು ಮೊದಲೊಮ್ಮೆ ತಿರುಗಿಸಲು ನೋಡಿದಿರಲ್ಲ, ಆಗಲೂ ಇಷ್ಟೇ ಭಾರ ಇತ್ತಾ?"

"ಇಷ್ಟಿರಲಿಲ್ಲ."

"ಈಗ ಯಾಕೆ ಹೆಚ್ಚಾಯಿತು?"

ಅಪ್ಪ ನನ್ನನ್ನು ನೋಡಿದ ರೀತಿಯಲ್ಲೇ ತಿಳಿಯಿತು, ಅವರಿಗೆ ಹಿಂದಿನ ದಿನವೇ ಗೊತ್ತಾಗಿತ್ತು. "ಟಯರು ಅಷ್ಟು ಅಗಲ ಆದರೆ ನೆಲ ಬಿಡ್ತದಾ? ಸ್ಟಿಯರಿಂಗ್ ಚಿಕ್ಕದಾದಷ್ಟೂ ಕೈಗೆ ಭಾರ. ಲಾರಿಗೆ ದೊಡ್ಡದು ಕೊಡುದು ಚಂದಕ್ಕಲ್ಲ."

"ಹೇಳಬಹುದಿತ್ತಲ್ಲ?"

"ಅಷ್ಟು ಜನ ಹೊತ್ತು ತಂದದ್ದು. ಹೇಗೆ ಹೇಳುದು?"

ನಾನು ಗ್ಯಾರೇಜಿನಲ್ಲಿ ಅಣ್ಣನಿಗೆ ಹೇಳಿದೆ. ಅವನು ಮೊದಲು ಒಪ್ಪಲಿಲ್ಲ. "ಅಗಲ ಟಯರ್ ತೆಗೆದರೆ ಮತ್ತೆ ಮುದಿ ಕಾರೇ" ಎಂದ.

"ಓಡಿಸುವವರಿಗೆ ಏನು ಇಪ್ಪತ್ತೈದಾ?" ಎಂದರು ಮೇಸ್ತ್ರಿ.

ಅವರ ಗ್ಯಾರೇಜಿನ ಹಿಂದೆ ಗುಜರಿಯಾಗಿ ಬಿದ್ದ ಟೆಂಪೋ ಒಂದಿತ್ತು. ಅದರ ಸ್ಟಿಯರಿಂಗ್ ಬಿಚ್ಚಿದರು. ಕಾಂಟೆಸ್ಸಾಕ್ಕೆ ಅದು ಹೊಂದದ ಕಾರಣ ನಾನು ಬಂಟ್ವಾಳದ ಲೇತ್ ಯಂತ್ರದವನ ಹತ್ತಿರ ನಡುವೆ ಕೂರಿಸುವ ಉಕ್ಕಿನ ತುಂಡೊಂದನ್ನು ಮಾಡಿಸಿ ತಂದೆ. ಹಳೆಯ ಸಪೂರ ಚಕ್ರಗಳು ವಾಪಸು ಬಂದವು, ಮುಂದಿನ ಎರಡಕ್ಕೆ ಸ್ವಲ್ಪ ಗಾಳಿ ಹೆಚ್ಚು. ಹೊಸ ಬೇರಿಂಗುಗಳು ಹೇಗೂ ಇದ್ದವು. ಕೆಂಪು ಕಾರಿನೊಳಗೆ ಹಪ್ಪಳದ ಮಣೆಗಿಂತ ದೊಡ್ಡ ಕಪ್ಪು ಸ್ಟಿಯರಿಂಗ್. ಅಣ್ಣ ಅದನ್ನು ನೋಡದ ಹಾಗೆ ಅತ್ತ ತಿರುಗಿ ನಿಂತ.

ಅಪ್ಪ ಅಂಗಳದಲ್ಲಿ ಕಾರು ತಿರುಗಿಸಿದರು. ನಿಧಾನವಾಗಿ, ಹೆಗಲು ಎತ್ತದೆ, ಮೊಣಕೈಯಿಂದಲೇ. ಮತ್ತೊಮ್ಮೆ ತಿರುಗಿಸಿದರು. ಮೂರನೆಯ ಸಲಕ್ಕೆ ರಸ್ತೆಗಿಳಿದು ಮಡಂತ್ಯಾರಿನ ಕಡೆ ಹೋದವರು ಒಂದು ಗಂಟೆ ಬರಲಿಲ್ಲ. ಸ್ಟ್ಯಾಂಡಿನವರಿಗೆ ತೋರಿಸಲು ಹೋಗಿದ್ದರಂತೆ.

ಅಣ್ಣ ಹೊರಟ ಬೆಳಿಗ್ಗೆ ನಾನು ಹಿಂದೆ ಕೂತಿದ್ದೆ. ವಾಮದಪದವಿನ ಪ್ರತಿ ತಿರುವಿನಲ್ಲೂ ಅಣ್ಣನ ಬಲಗಾಲು ಮ್ಯಾಟನ್ನು ಒತ್ತುತ್ತಿತ್ತು. ಅವನು ಕೂತದ್ದು ಎಡಗಡೆ. ಗಲ್ಫಿನಲ್ಲಿ ಅದು ಓಡಿಸುವವನ ಜಾಗ.

"ನಿನ್ನ ಬ್ರೇಕ್ ಈ ಕಡೆ ಉಂಟು" ಎಂದರು ಅಪ್ಪ. "ಸುಮ್ಮನೆ ಕೂತ್ಕೋ."

ಬಜ್ಪೆಯಲ್ಲಿ ಅಣ್ಣ ಒಳಗೆ ಹೋದ ಮೇಲೆ, ರಜೆಗೆ ಬಂದ ಬೆಳ್ತಂಗಡಿಯ ಕುಟುಂಬವೊಂದು ಬಾಡಿಗೆ ಕೇಳಿತು. ಗಂಡಸು ಒಳಗೆ ಇಣುಕಿ ನೋಡಿ, "ಇದೇನು, ಕಾರಾ ಟೆಂಪೋವಾ?" ಎಂದ.

"ಹತ್ತಿ ನೋಡಿ" ಎಂದರು ಅಪ್ಪ.

ಅವರ ಸೂಟ್‌ಕೇಸುಗಳು ಡಿಕ್ಕಿ ತುಂಬಿ ಹಿಂದಿನ ಸೀಟಿಗೂ ಬಂದವು. ನನಗೆ ಜಾಗ ಉಳಿಯಲಿಲ್ಲ. ನಾನು ಬಸ್ಸಿನಲ್ಲಿ ಬಂದೆ.