ಕಾಲು ತೋರಿಸ್ರಿ

ಗುರುವಾರ ಬಂತೆಂದರೆ ಸಿಸ್ಟರ್ ಶಿವಗಂಗಾಳಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಗುಡೂರಿನ ಆಚೆಯ ಆ ಸಣ್ಣ ದವಾಖಾನೆಯಲ್ಲಿ ಅಂದು ಶುಗರಿನವರ ಸರದಿ. ಡಾಕ್ಟರು ಬರುವುದು ತಿಂಗಳಿಗೊಮ್ಮೆ. ಉಳಿದಂತೆ ಬೆರಳು ಚುಚ್ಚಿ ನೋಡುವವಳೂ, ಗುಳಿಗೆ ಕೊಡುವವಳೂ, ಹಬ್ಬದ ಮರುದಿನ ಎಷ್ಟು ಹೋಳಿಗೆ ತಿಂದಿರೆಂದು ಬಾಯಿ ಬಿಡಿಸುವವಳೂ ಅವಳೇ. ಅವಳ ಬೈಗುಳಕ್ಕೆ ಹೆದರಿ ಪಥ್ಯ ಮಾಡಿದವರೇ ಊರಲ್ಲಿ ಹೆಚ್ಚು.

ಬೆರಳು ಕೇಳಿದರೆ ಎಲ್ಲರೂ ಕೊಡುತ್ತಿದ್ದರು. ಕಾಲು ಕೇಳಿದರೆ ಮಾತ್ರ ಯಾರೂ ಕೊಡರು. ಜೀವ ಕಾಯುವ ಸಿಸ್ಟರು ತಮ್ಮ ಕಾಲು ಮುಟ್ಟುವುದೆಂದರೇನು! ಅದರಲ್ಲೂ ಯಂಕಪ್ಪ. ಇಳಕಲ್ ಸೀರೆ ನೇಯುವ ಅವನು ದಿನವಿಡೀ ಕುಣಿಮಗ್ಗದ ಗುಂಡಿಯಲ್ಲಿ ಬರಿಗಾಲು ಇಳಿಬಿಟ್ಟು ಹಲಗೆ ತುಳಿಯುವವನು. ಶುಗರು ಬಂದು ಹನ್ನೊಂದು ವರ್ಷ. ಮೂರು ಗುರುವಾರ ಅವಳು ಕೇಳಿದಳು. ಮೂರು ಸಲವೂ ಅವನು ಕಾಲನ್ನು ಧೋತರದೊಳಗೆ ಎಳೆದುಕೊಂಡ.

“ನೀವು ನಮ್ಮ ಕಾಲ್ ಮುಟ್ಟಬಾರದ್ರಿ ಅಕ್ಕಾರ. ಪಾಪ ಹತ್ತತೈತಿ.”

“ಕಾಲಿಗೆ ಏನಾರ ಆದ್ರ ಆ ಪಾಪ ಯಾರಿಗ್ರಿ?”

“ಏನೂ ಆಗಿಲ್ರಿ. ನೋವ ಇಲ್ಲ.”

ನೋವಿಲ್ಲ ಎಂಬುದೇ ಕೇಡೆಂದು ಅವಳಿಗೆ ಗೊತ್ತಿತ್ತು. ಈ ಬೇನೆ ಮೊದಲು ಕಾಲಿನ ಅರಿವನ್ನೇ ತಿನ್ನುತ್ತದೆ. ಆದರೂ ಮೂರನೆಯ ಸಲ, ಹೊರಗೆ ನಲವತ್ತು ಮಂದಿ ಕಾದಿದ್ದರೆಂದು, ಹಾಳಾಗಿ ಹೋಗಲಿ ಎಂದು ಗುಳಿಗೆ ಕೊಟ್ಟು ಕಳಿಸಿಬಿಟ್ಟಳು.

ನಾಲ್ಕನೆಯ ಗುರುವಾರ ಅವನ ಹೆಂಡತಿ ಸುಂದರವ್ವ ಒಬ್ಬಳೇ ಬಂದಳು. “ಅವರಿಗೆ ಜ್ವರ ಬಂದಾವ್ರಿ ಅಕ್ಕಾರ. ಮನಿತುಂಬ ನಾತ. ಮಗ್ಗದ ಕುಣ್ಯಾಗ ಇಲಿ ಸತ್ತೈತೇನೋ ಅಂತ ಎರಡ್ ದಿನ ಹುಡುಕಿದ್ವಿ.”

ಶಿವಗಂಗಾ ಕೈಲಿದ್ದ ಡಬ್ಬಿಯನ್ನು ಮೇಜಿಗೆ ಕುಕ್ಕಿ ಎದ್ದಳು. ಅವನ ಮನೆಗೆ ಹೋದವಳು ಈ ಸಲ ಕೇಳಲಿಲ್ಲ. ಧೋತರ ಸರಿಸಿ ಕಾಲು ಹೊರಗೆಳೆದಳು. ಅಂಗಾಲಿನಲ್ಲಿ ಹಲಗೆಯ ಮೊಳೆ ಹೊಕ್ಕ ಗಾಯ, ಪಾದವೆಲ್ಲ ಕಪ್ಪು. ಬಾಗಲಕೋಟೆಯ ಗಾಡಿ ಹತ್ತಿಸುವವರೆಗೂ ಬೈದಳು: “ಮರ್ಯಾದಿ ಅಂತ ಮರ್ಯಾದಿ! ಮರ್ಯಾದಿ ಕಟಗೊಂಡು ಮಗ್ಗ ತುಳೀತೀರೇನು?” ಅದರಲ್ಲಿ ಅರ್ಧ ಬೈಗುಳ ತನಗೇ ಎಂಬುದು ಅವಳೊಬ್ಬಳಿಗೇ ಗೊತ್ತಿತ್ತು. ಬಾಗಲಕೋಟೆಯ ಆಸ್ಪತ್ರೆಯಲ್ಲಿ ಆ ಕಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಿದರು.

ಮೂರು ತಿಂಗಳ ಮೇಲೆ ಯಂಕಪ್ಪ ಊರುಗೋಲಿನಲ್ಲಿ ಬಂದು ಕುಳಿತು, ಉಳಿದ ಕಾಲಿನ ಚಪ್ಪಲಿ ಬಿಟ್ಟು, ತಾನಾಗಿಯೇ ಅವಳ ಮುಂದೆ ಚಾಚಿದ.

ಅವಳ ಸಿಟ್ಟು ಇನ್ನೂ ಇಳಿದಿರಲಿಲ್ಲ. “ಈಗ ಪಾಪ ಹತ್ತೂದಿಲ್ಲೇನ್ರಿ?”

“ಹತ್ತೂದೆಲ್ಲಾ ಹತ್ತಿ ಮುಗದೈತ್ರಿ ಅಕ್ಕಾರ. ನೋಡ್ರಿ.”

ಅವಳು ಆ ಪಾದವನ್ನು ಮಡಿಲಿಗೆ ಎಳೆದುಕೊಂಡು ಬೆರಳು ಬೆರಳೂ ಬಿಡಿಸಿ ನೋಡಿದಳು. ತಲೆ ಎತ್ತಿದರೆ, ಹಿಂದಿನ ಬೆಂಚಿನಲ್ಲಿ ತನ್ನ ಸರದಿಗೆ ಕಾದಿದ್ದ ಮುದುಕ ಗುರಲಿಂಗಪ್ಪ, ಇದನ್ನೆಲ್ಲ ಕಣ್ಣಾರೆ ಕಂಡೂ, ತನ್ನ ಕಾಲುಗಳನ್ನು ಮೆಲ್ಲಗೆ ಬೆಂಚಿನ ಕೆಳಗೆ ಸರಿಸಿಕೊಳ್ಳುತ್ತಿದ್ದ.